ಕೋಣ ಓಡಿಸಿದವನ ಪಾಲು

ಪುತ್ತೂರಿನ ಮಹಾಲಿಂಗೇಶ್ವರ ದೇವಳದ ದೇವರಮಾರು ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ನೋಡಿದವರಿಗೆ ಅಲ್ಲಿನ ಘೋಷಣೆಯ ಕ್ರಮ ಗೊತ್ತಿರುತ್ತದೆ. ಧ್ವನಿವರ್ಧಕದಲ್ಲಿ ಮೊದಲು ಬರುವುದು ಯಜಮಾನರ ಊರು, ಮನೆತನ, ಹೆಸರು. ಕೋಣಗಳನ್ನು ಓಡಿಸಿದವನ ಹೆಸರು ಅದರ ಹಿಂದಿನಿಂದ ಬರುತ್ತದೆ. ಅಷ್ಟರಲ್ಲಿ ಗಂತಿನಲ್ಲಿ ಮುಂದಿನ ಜೋಡಿ ನಿಂತಿರುತ್ತದೆ. ಜನರ ಕಣ್ಣು ಅತ್ತ ಹೊರಳಿರುತ್ತದೆ.

ಈ ಹಿಂದೆ ಬರುವ ಹೆಸರಿನ ವಿಷಯ ನನ್ನ ಮನಸ್ಸಿಗೆ ಹತ್ತಿದ್ದು ನಮ್ಮ ಬಸದಿಯ ಟ್ರಸ್ಟಿನ ಒಂದು ಸಭೆಯಲ್ಲಿ. ಕಂಬಳದ ಬಹುಮಾನಕ್ಕೆ ಸಹಾಯಧನ ಕೋರಿ ಒಂದು ಮನವಿ ಬಂದಿತ್ತು. ತರುಣ ಸದಸ್ಯರೊಬ್ಬರು ಎದ್ದು, “ಮೂಕ ಪ್ರಾಣಿಗೆ ಬೆತ್ತದಿಂದ ಹೊಡೆಯುವವನಿಗೆ ನಾವು ದಾನ ಕೊಡುವುದೇ?” ಎಂದರು. ಮಾತು ಶುದ್ಧವಾಗಿಯೇ ಇತ್ತು. ಆದರೆ ಅವರ ಅಜ್ಜನ ಹಟ್ಟಿಯಲ್ಲಿ ಓಟದ ಕೋಣಗಳಿದ್ದುದನ್ನು ಬಲ್ಲ ನಾವು ಕೆಲವರು ಮುಖ ಮುಖ ನೋಡಿಕೊಂಡೆವು. ದೋಷವೆಲ್ಲ ಬೆತ್ತ ಹಿಡಿದ ಕೈಯದೇ ಎಂಬ ತೀರ್ಪು ಅಷ್ಟು ಸುಲಭವಾಗಿ ಬಂದುದೇ ನನಗೆ ಸಂಶಯ ಹುಟ್ಟಿಸಿತು.

ಅಂಥ ಒಂದು ಕೈಯನ್ನು ನಾನು ಹತ್ತಿರದಿಂದ ಬಲ್ಲೆ. ಕಡಬದ ಕಡೆಯವನು, ನನ್ನ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದು, ಚಳಿಗಾಲದಲ್ಲಿ ಕೊಯ್ಲು, ನವೆಂಬರಿನಿಂದ ಮಾರ್ಚಿಯವರೆಗೆ ವಾರದ ಕೊನೆಗೆ ಕಂಬಳ. ಹದಿನಾಲ್ಕು ವರ್ಷ ಓಡಿಸಿದ. ಅವನ ಪಾಲಿಗೆ ಬಂದುದು ಹೆಚ್ಚಾಗಿ ನೇಗಿಲು ಕಿರಿಯ ವಿಭಾಗ. ಕಿರಿಯ ಎಂಬುದು ಓಡಿಸುವವನ ಪ್ರಾಯವಲ್ಲ, ಕೋಣಗಳದು. ಮರಿಯಾಗಿ ಬಂದ ಜೋಡಿಗೆ ನೊಗ ಅಭ್ಯಾಸ ಮಾಡಿಸಿ, ಕರೆಯ ಕೆಸರಿನ ಹೆದರಿಕೆ ಬಿಡಿಸಿ, ಎಣ್ಣೆ ತಿಕ್ಕಿ, ಎರಡು ಮೂರು ವರ್ಷ ಓಡಿಸುತ್ತಿದ್ದ. ಅವು ಹಿರಿಯ ವಿಭಾಗಕ್ಕೆ ಏರುವ ಹೊತ್ತಿಗೆ ಯಜಮಾನರು ಹಗ್ಗವನ್ನು ಹೆಸರಾದ ಓಟಗಾರನ ಕೈಗೆ ಕೊಡುತ್ತಿದ್ದರು. ಇವನಿಗೆ ಮತ್ತೆ ಹೊಸ ಮರಿಗಳು. ಅವನು ದೂರಿದ್ದನ್ನು ನಾನು ಒಂದೇ ಬಾರಿ ಕೇಳಿದ್ದೇನೆ: “ಗೆದ್ದರೆ ಹೆಸರು ಯಜಮಾನರದ್ದು, ಕೋಣನ ಬೆನ್ನಲ್ಲಿ ಬಾಸುಂಡೆ ಕಂಡರೆ ಹೆಸರು ನನ್ನದು, ಮಾಸ್ಟ್ರೇ.”

ಮೇಲಿನ ಮೆಟ್ಟಿಲು ಹತ್ತದೆ ಉಳಿದ ಇಂಥ ಆಟಗಾರರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಮೆರಿಕೆಯ ಬೇಸ್‌ಬಾಲ್ ಆಟದಲ್ಲಿ ಮುಖ್ಯ ಲೀಗಿನ ಕೆಳಗೆ ಸಣ್ಣ ಲೀಗುಗಳ ಸಾಲೇ ಇದೆ; ಅಲ್ಲಿ ಆಡುವವರಲ್ಲಿ ಬಹುಪಾಲು ಜನ ಮೇಲಕ್ಕೆ ಹೋಗುವುದೇ ಇಲ್ಲ. ಆರ್ಚಿಬಾಲ್ಡ್ ಗ್ರಹಾಂ ಎಂಬ ಹೊರಮೈದಾನದ ಆಟಗಾರನನ್ನು 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ತಂಡದವರು ಪಂದ್ಯದ ಕೊನೆಯಲ್ಲಿ ಬಲಬದಿಗೆ ನಿಲ್ಲಿಸಿದರು. ಬ್ಯಾಟು ಹಿಡಿಯುವ ಸರದಿ ಬರುವ ಮೊದಲೇ ಆಟ ಮುಗಿಯಿತು. ಮುಖ್ಯ ಲೀಗಿನಲ್ಲಿ ಅವನ ಆಯುಷ್ಯ ಅಷ್ಟೇ. ಕೆಲವು ವರ್ಷಗಳಲ್ಲಿ ಆಟ ಬಿಟ್ಟು, ಮಿನೆಸೋಟದ ಚಿಶಮ್ ಎಂಬ ಗಣಿಯೂರಿನಲ್ಲಿ ವೈದ್ಯನಾಗಿ ದಶಕಗಳ ಕಾಲ ಶಾಲಾಮಕ್ಕಳನ್ನು ನೋಡಿಕೊಂಡು, 1965ರಲ್ಲಿ ತೀರಿಕೊಂಡ.

ನಮ್ಮ ಜಿಲ್ಲೆಯಲ್ಲಿ ನಡೆದುದು ಇದಕ್ಕೆ ತಿರುಗುಮುರುಗು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂದು ಸುದ್ದಿಯಾಯಿತು. ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರು 9.55 ಎಂದರು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದುದು 9.58. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಇನ್ನೂ ಸ್ವಲ್ಪ ಬೇಗ ಓಡಿದರೆಂಬ ವರದಿ ಬಂತು. ಈ ಸಮಯದ ಲೆಕ್ಕಗಳನ್ನು ಆಮೇಲೆ ಪ್ರಶ್ನಿಸಿದವರೂ ಉಂಟು. ಕೋಣಗಳ ಎಳೆತವನ್ನು ಬದಿಗಿಟ್ಟು ಬೋಲ್ಟ್‌ನೊಡನೆ ತೂಗುವುದು ನನಗೂ ಸರಿ ಕಂಡಿರಲಿಲ್ಲ. ಅದಿರಲಿ, ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನಿಸಿದರು. ಕಟ್ಟಡ ಕೆಲಸ ಮಾಡುತ್ತಿದ್ದ ಆ ತರುಣ ಒಪ್ಪಲಿಲ್ಲ. ಕೆಸರಿನಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಬೆರಳ ತುದಿಯ ಮೇಲೆ, ಎರಡೂ ಬೇರೆ ಎಂದರು. ತಾನು ಗೆದ್ದ ಶ್ರೇಯಸ್ಸನ್ನು ಕೋಣಗಳಿಗೇ ಕೊಟ್ಟರು.

ದೊಡ್ಡ ಅವಕಾಶ ಕಳೆದುಕೊಂಡರೆಂದು ಅನೇಕರು ಮರುಗಿದರು. ತನ್ನ ಸಾಮರ್ಥ್ಯ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯದು ಎಂದು ಇಷ್ಟು ಸ್ಪಷ್ಟವಾಗಿ ತಿಳಿದವರು ನಮ್ಮ ವಿದ್ಯಾವಂತರಲ್ಲಿ ಎಷ್ಟು ಮಂದಿ? ಇಚ್ಛಾಪರಿಮಾಣವನ್ನು ನಾವು ಆಸ್ತಿ-ಪಾಸ್ತಿಗೆ ಮಾತ್ರ ಅನ್ವಯಿಸಿ ಮಾತನಾಡುತ್ತೇವೆ. ಕೀರ್ತಿಯ ವಿಷಯದಲ್ಲಿ ಆ ಮಿತಿಯನ್ನು ಹಾಕಿಕೊಂಡ ಒಬ್ಬನು ಎದುರಿಗೆ ನಿಂತರೆ ನಮಗೆ ಅವನು ದಡ್ಡನಂತೆ ಕಾಣುತ್ತಾನೆ.

ಆದರೆ ಶ್ರೇಯಸ್ಸನ್ನು ಕೋಣಗಳಿಗೆ ಕೊಟ್ಟ ಮಾತಿನಲ್ಲಿ ಒಂದು ತೊಡಕು ಇದೆ; ಅದನ್ನು ಮರೆಮಾಚುವುದು ಈ ಪತ್ರಿಕೆಯ ಓದುಗರಿಗೆ ಸಲ್ಲದು. ಶ್ರೇಯಸ್ಸು ಕೋಣಕ್ಕಾದರೆ ಪೆಟ್ಟು ಯಾಕೆ? ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನನೀರು ತಪ್ಪಿಸುವುದು ಇವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಅತಿಚಾರಗಳೆಂದು ಎಣಿಸಿದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳಕ್ಕೆ ತಡೆ ಬಂದಿತು. 2017ರಲ್ಲಿ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ನಾನು ಕಂಡಂತೆ ಈಗ ಹೊಡೆತ ಕಡಮೆಯಾಗಿದೆ, ನಿಂತಿಲ್ಲ. ನ್ಯಾಯಾಲಯ ಒಪ್ಪಿತೆಂದ ಮಾತ್ರಕ್ಕೆ ಶ್ರಾವಕನ ಲೆಕ್ಕ ಚುಕ್ತಾ ಆಗುವುದಿಲ್ಲ.

ಆ ಲೆಕ್ಕ ಹೇಗೆ? ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಜೀವದ ಆಶ್ರಯದಿಂದ ಆಗುವ ಆಸ್ರವಕ್ಕೆ 108 ಪ್ರಕಾರಗಳನ್ನು ಹೇಳಿದೆ: ಸಂರಂಭ, ಸಮಾರಂಭ, ಆರಂಭ ಮೂರು, ಮನ, ವಚನ, ಕಾಯ ಮೂರು, ಕೃತ, ಕಾರಿತ, ಅನುಮತ ಮೂರು, ಕಷಾಯ ನಾಲ್ಕು. ಒಂದಕ್ಕೊಂದು ಗುಣಿಸಿ ನೋಡಬಹುದು. ಬಾಲ್ಯದಲ್ಲಿ ನಾನಿದನ್ನು ಜಪಮಣಿಯ ಸಂಖ್ಯೆಯೆಂದಷ್ಟೇ ಬಾಯಿಪಾಠ ಮಾಡಿದ್ದೆ. ಕಂಬಳದ ಗದ್ದೆಯ ಬದಿಯಲ್ಲಿ ನಿಂತು ನೋಡಿದರೆ ಅದು ಬೇರೆಯೇ ಕಾಣುತ್ತದೆ. ಬೆತ್ತ ಎತ್ತಿದ ನನ್ನ ಶಿಷ್ಯನದು ಕೃತ. ಆ ಕೈಯನ್ನು ಕೂಲಿಗೆ ಗೊತ್ತುಮಾಡಿ ಈ ವರ್ಷ ಗೆಲ್ಲಲೇಬೇಕೆಂದ ಯಜಮಾನರದು ಕಾರಿತ. ಮಂಜೊಟ್ಟಿಯ ಹತ್ತಿರ ಕೇಕೆ ಹಾಕಿದವರದು ಅನುಮತ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ನಮ್ಮ ಲೋಕದ ಏರ್ಪಾಡು ಹಾಗಲ್ಲ. ಚಿನ್ನದ ಪವನು ಕಾರಿತದ ಮನೆಗೆ ಹೋಗುತ್ತದೆ, ರಂಜನೆ ಅನುಮತದ ಪಾಲು, ನಿಂದೆ ಮಾತ್ರ ಕೃತದ ಬೆನ್ನಿಗೆ.

ಇನ್ನೂ ಒಂದು ಸಂಗತಿ. ಗೃಹಸ್ಥನ ಹಿಂಸೆಯನ್ನು ವಿಂಗಡಿಸುವಾಗ ಹೊಟ್ಟೆಪಾಡಿನ ವೃತ್ತಿಯಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆಗೆ ನಮ್ಮ ಹಿರಿಯರು ಸ್ವಲ್ಪ ವಿನಾಯಿತಿ ಕೊಟ್ಟರು. ಗದ್ದೆ ಉಳುವ ಕೋಣದ ಮಾತು ಬಂದಾಗ ನಾವೆಲ್ಲ ಆ ವಿನಾಯಿತಿಯನ್ನು ಪಡೆದವರೇ. ಓಟದ ಕೋಣದಲ್ಲಿ ಆ ವಿನಾಯಿತಿ ಯಾರಿಗೆ? ಯಜಮಾನರಿಗೆ ಅದು ಪ್ರತಿಷ್ಠೆ. ಅಲ್ಲಿರುವ ಕಷಾಯ ಮಾನ. ನೋಡುವವರಿಗೆ ವಿನೋದ. ಅಲ್ಲಿ ಅಕ್ಕಿಗೆ ದಾರಿ ಮಾಡಿಕೊಂಡವನು ಓಡಿಸುವವನೊಬ್ಬನೇ. ಅವನು ನಿರ್ದೋಷಿ ಎಂದು ನಾನು ಹೇಳುವುದಿಲ್ಲ. ಪೆಟ್ಟು ಬಿದ್ದದ್ದು ಅವನ ಕೈಯಿಂದಲೇ. ಆದರೆ ಕೈಯನ್ನು ಹಳಿದು ಬಾಯಿಯನ್ನು ಬಿಟ್ಟುಬಿಡುವ ನ್ಯಾಯ ನಮ್ಮ ಶಾಸ್ತ್ರದ್ದಲ್ಲ. ತುಳುನಾಡಿನ ಜೈನ ಅರಸುಮನೆತನಗಳೂ ಬೀಡುಗಳೂ ತಮ್ಮ ಗದ್ದೆಗಳಲ್ಲಿ ಕಂಬಳ ನಡೆಸಿದವು. ಆ ಕಾರಿತದ ವಾರಸುದಾರರು ನಾವು.

ನನ್ನ ಶಿಷ್ಯ ಈಗ ಓಡಿಸುವುದಿಲ್ಲ, ಮೊಣಕಾಲು ಹೋಗಿದೆ. ಹಿಂದೊಮ್ಮೆ ಬೆತ್ತವಿಲ್ಲದೆ ಓಡಿಸಬಹುದಲ್ಲ ಎಂದು ಕೇಳಿದ್ದೆ. ಮರಿಗಳನ್ನು ಅಭ್ಯಾಸಕ್ಕೆ ಬಿಡುವಾಗ ತಾನು ಸ್ವರದಿಂದಲೇ ಓಡಿಸುತ್ತಿದ್ದೆನೆಂದೂ, ಕರೆಗೆ ಇಳಿದ ದಿನ ಯಜಮಾನರು ಬೆತ್ತ ಕೈಗೆ ಕೊಡುತ್ತಿದ್ದರೆಂದೂ ಹೇಳಿದ. ಬೇಡವೆನ್ನಲಿಲ್ಲವೇ ಎಂದೆ. “ಬೇಡವೆಂದರೆ ಮುಂದಿನ ವಾರಕ್ಕೆ ಬೇರೆಯವನು, ಮಾಸ್ಟ್ರೇ” ಎಂದ.

ಇದನ್ನು ನಾನು ಸಭೆಯಲ್ಲಿ ಹೇಳಿದೆ. ಬಹುಮಾನಕ್ಕೆ ಹಣ ಬೇಡವೆಂಬ ಆ ತರುಣ ಸದಸ್ಯರ ಅಭಿಪ್ರಾಯಕ್ಕೆ ನನ್ನದೂ ಸಮ್ಮತಿ, ಅವರು ಕೊಟ್ಟ ಕಾರಣಕ್ಕೆ ಮಾತ್ರ ಅಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೋಡಲು ಹೋಗುವುದೂ ಅನುಮತವೇ?” ಎಂದು ಕೇಳಿದರು. ಮುಂದಿನ ಶನಿವಾರ ಪುತ್ತೂರಿಗೆ ಹೋಗಲು ವಾಹನ ಗೊತ್ತುಮಾಡಿದ್ದ ಮೂವರು ಆ ಕೋಣೆಯಲ್ಲಿ ಇದ್ದರು. ಅವರಲ್ಲಿ ನಾನೊಬ್ಬ. ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದೆವು.