ವಯಸ್ಸಿನ ಅಂದಾಜು

ಅಪರಿಚಿತನ ಮುಖವನ್ನು ಕಂಡೊಡನೆ ಅವನ ವಯಸ್ಸನ್ನು ನಿರ್ಣಯಿಸಿಬಿಡುವುದು ಮಾನವನ ಸಹಜಗುಣ. ಈ ನಿರ್ಣಯವು ಎಷ್ಟರ ಮಟ್ಟಿಗೆ ನಿಜ? ಎಳೆಯರ ವಯಸ್ಸನ್ನು ಜನರು ಸಾಮಾನ್ಯವಾಗಿ ಹೆಚ್ಚಾಗಿಯೂ ಮುದುಕರದನ್ನು ಕಡಿಮೆಯಾಗಿಯೂ ಊಹಿಸುವರೆಂದು ಪರೀಕ್ಷಿಸಿದವರು ಕಂಡುಕೊಂಡಿದ್ದಾರೆ. ಕಣ್ಣಿನ ಮಾತಿರಲಿ, ಎಲುಬಿನ ಪರೀಕ್ಷೆಯಲ್ಲಿಯೂ ಎರಡು ವರ್ಷ ಆಚೀಚೆಯಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿಯೇ ಹೇಳಿತು. ಸಂಶಯ ಬಂದಲ್ಲಿ 2015ರ ಬಾಲನ್ಯಾಯ ಕಾಯಿದೆಯು ಮೊದಲು ಶಾಲೆಯ ದಾಖಲೆಯನ್ನೂ ಜನನಪತ್ರವನ್ನೂ ಕೇಳುತ್ತದೆ. ಅವು ದೊರೆಯದಿದ್ದಾಗ ಮಾತ್ರ ಎಲುಬಿನ ಪರೀಕ್ಷೆ.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಇದು ಬರಿಯ ಕುತೂಹಲದ ವಿಷಯವಲ್ಲ. ಹಳ್ಳಿಯಿಂದ ಬಂದ ಹುಡುಗನೊಬ್ಬನು ಚಿಕ್ಕ ಕಾರ್ಖಾನೆಯ ಬಾಗಿಲಲ್ಲಿ ನಿಂತು ‘ಹದಿನೆಂಟು ತುಂಬಿದೆ’ ಎನ್ನುತ್ತಾನೆಂದು ಭಾವಿಸೋಣ. ಕಾರ್ಖಾನೆಯಲ್ಲಿ 14 ತುಂಬದವರನ್ನು ದುಡಿಸುವುದನ್ನೂ, 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ನಿಷೇಧಿಸುತ್ತದೆ. ಬಿಸಿಲು ಬಡತನಗಳಲ್ಲಿ ಬೆಂದ ಮುಖವು ಹಿರಿದಾಗಿ ಕಾಣುವುದು ಸಹಜವೇ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮಾಲೀಕನಿಗೆ ಹುಡುಗನ ಮೀಸೆಯ ಚಿಗುರು ಮಾತ್ರ ಕಾಣುತ್ತದೆ. ಸಂಬಳ ಗೊತ್ತುಮಾಡುವ ಹೊತ್ತಿಗೆ ಅದೇ ಹುಡುಗನು ‘ಇನ್ನೂ ಎಳೆಯ’ನಾಗುತ್ತಾನೆ! ಇದು ಕಣ್ಣಿನ ದೋಷವಲ್ಲ, ಲಾಭವನ್ನು ಬಯಸಿದ ಮನಸ್ಸಿನದು.

ಇದನ್ನು ಕಾಯಕವೆಂಬ ಹೆಸರಿನಿಂದ ಮುಚ್ಚುವವರೂ ಉಂಟು. ಓದುವ ವಯಸ್ಸಿನ ಮಗುವಿನಿಂದ ಕಿತ್ತುಕೊಂಡ ದುಡಿಮೆ ಕಾಯಕವಾದೀತೆ? ಶರಣರು ಕಿರಿಯರಾದ ಚೆನ್ನಬಸವಣ್ಣನವರನ್ನು ಹಿರಿಯರೆಂದು ಮನ್ನಿಸಲಿಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲಿ ಎಳೆಯರಿಗೆ ಸಂದದ್ದು ಗೌರವ, ಹೊರೆಯಲ್ಲ.

ಶಾಲೆಯ ಪತ್ರಕ್ಕಾಗಿ ಹುಡುಗನ ಊರಿಗೆ ಹೇಳಿಕಳುಹಿಸಿದರೆ ನಾಲ್ಕು ದಿನ ತಡವಾದೀತು. ಆ ನಾಲ್ಕು ದಿನ ಯಂತ್ರವೊಂದು ನಿಂತಿರಲಿ.