ನೆಲದಡಿಯ ನೀರು ಯಾರದು?



ನಿಮ್ಮ ಹೊಲದಲ್ಲಿ ಕೊಳವೆಬಾವಿ ಕೊರೆಸುತ್ತೀರಿ. ನೀರು ಬೀಳುತ್ತದೆ, ದೇವರಿಗೆ ಸ್ತೋತ್ರ ಸಲ್ಲಿಸುತ್ತೀರಿ. ಕೆಲವೇ ತಿಂಗಳಲ್ಲಿ ಪಕ್ಕದ ಹೊಲದವನ ಬಾವಿ ಬತ್ತುತ್ತದೆ. ನೀವು ಕದ್ದಿಲ್ಲ, ಯಾರ ಬೇಲಿಯನ್ನೂ ದಾಟಿಲ್ಲ. ಆದರೂ ಅವನ ಪಾಲಿನ ನೀರು ನಿಮ್ಮ ಪೈಪಿನಲ್ಲಿ ಬರುತ್ತಿರಬಹುದು. ಇದು ತಪ್ಪೇ?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಪಶ್ಚಿಮ ಘಟ್ಟ ಮತ್ತು ನೀಲಗಿರಿ ಬೆಟ್ಟಗಳು ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಇದು ಮಳೆನೆರಳಿನ ಸೀಮೆ. ಬಾಳೆ, ಅರಿಶಿನಗಳ ಜೊತೆಗೆ ಕೊಳವೆಬಾವಿಗಳೂ ಹೆಚ್ಚಿದವು. ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಆ ಬಿರುಕುಗಳಿಗೆ ನಮ್ಮ ಬದುಗಳ ಲೆಕ್ಕ ತಿಳಿಯದು.

ತನ್ನ ಭೂಮಿಯ ಅಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ಭೂಮಾಲೀಕನದು ಎಂದು 1882ರ ಕಾಯ್ದೆಯೇ ಒಪ್ಪಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಅನುಮತಿ ಬೇಕೆಂದು 2011ರ ರಾಜ್ಯ ಕಾಯ್ದೆ ಹೇಳುತ್ತದೆ. ಆದರೆ ಮೋಟಾರಿನ ಸ್ವಿಚ್ಚಿನ ಬಳಿ ಕಾನೂನು ಕಾವಲು ಕೂರುವುದಿಲ್ಲ. ಅಲ್ಲಿ ಇರುವುದು ಮನಸ್ಸಾಕ್ಷಿ ಮಾತ್ರ. ಭೂಮಿಯ ಸಂಪತ್ತು ಎಲ್ಲರಿಗಾಗಿ, ಆಸ್ತಿಯ ಹಕ್ಕು ಅದಕ್ಕೆ ಅಧೀನ ಎಂಬುದು ಧರ್ಮಸಭೆಯ ಹಳೆಯ ಬೋಧನೆ. ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ಕುಡಿಯುವ ನೀರನ್ನು ಮನುಷ್ಯನ ಮೂಲಭೂತ ಹಕ್ಕೆಂದು ಕರೆದರು.

ಆದಿಕಾಂಡದ 26ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿರಿ. ಬರಗಾಲದಲ್ಲಿ ಇಸಾಕನು ಗೆರಾರಿನಲ್ಲಿ ಬಿತ್ತಿ ನೂರ್ಮಡಿ ಬೆಳೆ ಪಡೆದನು. ಫಿಲಿಷ್ಟಿಯರು ಮುಚ್ಚಿದ್ದ ತಂದೆಯ ಬಾವಿಗಳನ್ನು ಮತ್ತೆ ತೋಡಿಸಿದನು. ಹೊಸ ಬಾವಿಗೆ ಜಗಳ ಬಂತು. ಅದನ್ನು ‘ಏಸೆಕ್’, ಅಂದರೆ ಜಗಳ ಎಂದು ಕರೆದನು. ಎರಡನೆಯದಕ್ಕೂ ಜಗಳವಾಯಿತು, ಅದು ‘ಸಿಟ್ನಾ’, ಹಗೆತನ. ಅಲ್ಲಿಂದಲೂ ಹೊರಟು ಮೂರನೆಯದನ್ನು ತೋಡಿದನು. ಜಗಳವಿಲ್ಲದ ಆ ಬಾವಿಗೆ ‘ರೆಹೋಬೋತ್’, ವಿಶಾಲ ಸ್ಥಳ ಎಂದು ಹೆಸರಿಟ್ಟನು. ಇಸಾಕನಿಗೆ ಬೇರೆ ಕಡೆ ಹೋಗಲು ಜಾಗವಿತ್ತು. ಎರಡೆಕರೆಯ ರೈತ ಎಲ್ಲಿಗೆ ಹೋದಾನು? ನಾವು ಇರುವಲ್ಲಿಯೇ ಒಬ್ಬರಿಗೊಬ್ಬರು ಸ್ಥಳ ಮಾಡಿಕೊಡಬೇಕು.

ಆ ಅಧ್ಯಾಯ ಮುಗಿಯುವುದು ಬೇರ್ಷೆಬದಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ.; ನಮ್ಮಲ್ಲಿ 700ರ ಆಸುಪಾಸು. ಅದೇ ಊರಿನ ಸಮೀಪದ ಹಟ್ಜೆರಿಮ್ ಎಂಬ ಸಹಕಾರಿ ಗ್ರಾಮದಲ್ಲಿ 1965ರಲ್ಲಿ ಹನಿ ನೀರಾವರಿ ಸಲಕರಣೆಗಳ ಉದ್ಯಮ ಆರಂಭವಾಯಿತು. ಮರುಭೂಮಿಯ ಜನರ ಆ ವಿದ್ಯೆ ಇಂದು ನಮ್ಮ ಬಾಳೆ ತೋಟಗಳಲ್ಲೂ ಇದೆ. ಒಳ್ಳೆಯದೇ. ಆದರೆ ಒಂದು ಎಕರೆಯಲ್ಲಿ ಉಳಿದ ನೀರಿನಿಂದ ಇನ್ನೊಂದು ಎಕರೆಗೆ ಬಾಳೆ ಹಾಕಿದರೆ ಅಂತರ್ಜಲಕ್ಕೆ ಉಳಿದದ್ದೇನು? ನೀರು ಉಳಿಸುವುದನ್ನು ಕೊಳವೆ ಕಲಿಸಿತು. ‘ಇಷ್ಟು ಸಾಕು’ ಎನ್ನುವುದನ್ನು ನಾವೇ ಕಲಿಯಬೇಕು.

ಸಾಲದಲ್ಲಿರುವ ರೈತನಿಗೆ ಉಪದೇಶ ಹೇಳುವುದು ಸುಲಭ. “ಹುರುಳಿ ಬೆಳೆದರೆ ಮಗಳ ಕಾಲೇಜು ಫೀಸು ಕಟ್ಟಲಾದೀತೇ?” ಎಂದು ಅವನು ಕೇಳಿದರೆ ನಾವು ತಲೆ ತಗ್ಗಿಸಬೇಕಾಗುತ್ತದೆ. ಜೋಳ, ಹುರುಳಿ, ಅವರೆಗೆ ನ್ಯಾಯವಾದ ಬೆಲೆ ಕೊಡದ ನಮ್ಮ ಮಾರುಕಟ್ಟೆಗೂ, ಕೊಳ್ಳುವ ನಮಗೂ ಇದರಲ್ಲಿ ಪಾಲಿದೆ. ಹಣವುಳ್ಳವನು ಇನ್ನಷ್ಟು ಆಳಕ್ಕೆ ಕೊರೆಸಬಲ್ಲ. ಮೊದಲು ಬತ್ತುವುದು ಬಡವನ ಬಾವಿ. ಆದ್ದರಿಂದ ತ್ಯಾಗದ ಮಾತು ಮೊದಲು ಉಳ್ಳವರಿಂದಲೇ ಆರಂಭವಾಗಲಿ.

ದಾರಿಗಳು ಇಲ್ಲದಿಲ್ಲ. 700 ಮಿ.ಮೀ. ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 28 ಲಕ್ಷ ಲೀಟರ್ ನೀರು. ಬದು ಕಟ್ಟಿ, ಕೃಷಿ ಹೊಂಡ ತೋಡಿ ಅದರಲ್ಲೊಂದು ಪಾಲನ್ನು ಹಿಡಿದಿಡಬಹುದು. ಬಾಳೆಎಲೆ, ತರಗನ್ನು ಸುಡದೆ ನೆಲಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ. ಹಿರಿಯರ ಅಕ್ಕಡಿ ಸಾಲಿನಲ್ಲಿ ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಮನೆಗೆ ಬರುತ್ತಿತ್ತು. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಾಗಲಿ, ರೈತ ನಾಯಕ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಕನಸಾದ ಹೊಂಡರಬಾಳಿನ ಅಮೃತಭೂಮಿಯಾಗಲಿ, ದೂರವೇನಲ್ಲ, ಹೋಗಿ ವಿಚಾರಿಸಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನೀರಿನ ಹಾಸಿಗೆಯಲ್ಲಿ ನೆರೆಯವನೂ ಮಲಗಿದ್ದಾನೆ. ಮುಂಗಾರಿಗೆ ಮುನ್ನ ಮನೆಮಂದಿಯೆಲ್ಲ ಕೂತು, ಈ ವರ್ಷ ಏನು ಬೆಳೆಯಬೇಕು, ಎಷ್ಟು ಸಾಕು ಎಂದು ಮಾತನಾಡಿರಿ. ಬಳಿಕ ಪಕ್ಕದ ಹೊಲದವರನ್ನೂ ಕರೆದು ಕೇಳಿರಿ. ನಿಮ್ಮ ಬಾವಿಗೆ ಏಸೆಕ್ ಎಂಬ ಹೆಸರೋ, ರೆಹೋಬೋತ್ ಎಂಬ ಹೆಸರೋ ಎಂಬುದು ಆ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ.