ಗಾಜಿನ ತೊಟ್ಟಿಯ ಅಮಾನತ್ತು

ಮನೆಯಲ್ಲಿ ಅಂದಕ್ಕಾಗಿ ಮೀನು ಸಾಕಬಹುದೇ? ಈ ಪ್ರಶ್ನೆ ಹೊಸತಲ್ಲ, ಇದರ ಉತ್ತರವೂ ಕಠಿಣವಲ್ಲ. ಸಾಕಬಹುದು. ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಆಟಕ್ಕೊಂದು ಚಿಕ್ಕ ಹಕ್ಕಿಯಿತ್ತು. ಆ ಹಕ್ಕಿ ಸತ್ತು ಮಗು ಸಪ್ಪೆ ಮೋರೆ ಹಾಕಿಕೊಂಡಿದ್ದಾಗ ಪ್ರವಾದಿವರ್ಯರು(ಸ) ಹಕ್ಕಿಯ ವಿಷಯವನ್ನೇ ಎತ್ತಿ, ಅಕ್ಕರೆಯಿಂದ ಅವನನ್ನು ಮಾತನಾಡಿಸಿದರು. ಹಕ್ಕಿಯನ್ನೇಕೆ ಹಿಡಿದಿಟ್ಟಿದ್ದೆ ಎಂದು ಗದರಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಘಟನೆಯಿಂದಲೇ, ಪ್ರಾಣಿಗೆ ಹಿಂಸೆಯಾಗದಿದ್ದರೆ ಸಾಕುವುದಕ್ಕೆ ಅಡ್ಡಿಯಿಲ್ಲವೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಇಬ್ನುಲ್ ಕಾಸ್ಸ್ ಎಂಬ ಶಾಫಿಈ ವಿದ್ವಾಂಸರಂತೂ ಈ ಒಂದೇ ಹದೀಸಿನಿಂದ ಅರವತ್ತರಷ್ಟು ಪಾಠಗಳನ್ನು ಹೆಕ್ಕಿ ಒಂದು ಪುಸ್ತಿಕೆಯನ್ನೇ ಬರೆದರು.

ಆದರೆ ಅನುಮತಿ ಇದೆ ಎಂದಾಕ್ಷಣ ವಿಷಯ ಮುಗಿಯಿತೆಂದು ಭಾವಿಸುವುದು ನಮ್ಮ ಒಂದು ದೌರ್ಬಲ್ಯ. 'ಜಾಯಿಝ್ ಇದೆಯಲ್ಲ' ಎಂದು ಹೇಳಿ ಎದ್ದುಬಿಡುತ್ತೇವೆ. ಅನುಮತಿಯ ಬೆನ್ನಿಗೇ ಹೊಣೆಯೂ ಬರುತ್ತದೆ ಎಂಬುದನ್ನು ಮರೆಯುತ್ತೇವೆ.

ಹುಬ್ಬಳ್ಳಿಯ ಹೊಸ ಬಡಾವಣೆಯಲ್ಲೋ ಧಾರವಾಡದ ಹೆಬ್ಬಳ್ಳಿ ಅಗಸಿಯ ಕಡೆಯೋ ನೀವೊಂದು ಮನೆ ಕಟ್ಟಿಸಿದ್ದೀರಿ ಎಂದಿಟ್ಟುಕೊಳ್ಳಿ. ಹಾಲ್‌ನಲ್ಲಿ ಒಂದು ಅಕ್ವೇರಿಯಂ ಇರಲಿ ಎಂದು ಮಕ್ಕಳ ಆಸೆ. ಸಿಹಿನೀರಿನ ಗೋಲ್ಡ್ ಫಿಶ್ ಎಲ್ಲರ ಮನೆಯಲ್ಲೂ ಇದೆ. ಆದ್ದರಿಂದ ಕಡಲಿನ ಮೀನೇ ಇರಲಿ, ಆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನು ಬೇಕು ಎನ್ನುತ್ತಾರೆ. 2003ರಲ್ಲಿ ಬಂದ ಒಂದು ಚಿತ್ರದಿಂದ ಆ ಮೀನು ಲೋಕಪ್ರಸಿದ್ಧವಾಯಿತು. ವಿಚಿತ್ರವೆಂದರೆ ಆ ಚಿತ್ರದ ಕಥೆಯೇ ತಂದೆಯಿಂದ ಅಗಲಿಸಿ ಗಾಜಿನ ತೊಟ್ಟಿಗೆ ಹಾಕಲಾದ ಮರಿಮೀನಿನದು! ಅದನ್ನು ನೋಡಿ ಕಣ್ಣೀರಿಟ್ಟ ಮಕ್ಕಳೇ ಮರುದಿನ ಅಂಥದೇ ಮೀನು ತಂದುಕೊಡಿ ಎಂದು ತಂದೆಯ ಕೈ ಹಿಡಿದು ಎಳೆದರು.

ಅಂಗಡಿಯಲ್ಲಿ ಯಾವ ಮೀನನ್ನು ಆರಿಸಬೇಕು? ಇದು ಬಣ್ಣ ಮತ್ತು ಬೆಲೆಯ ಪ್ರಶ್ನೆಯಷ್ಟೇ ಎಂದು ನಿಮಗೆ ತೋರಬಹುದು. ಇದು ನೈತಿಕ ಪ್ರಶ್ನೆಯೂ ಹೌದು.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀ ನರಕಕ್ಕೆ ಹೋದ ಹದೀಸನ್ನು ನಾವೆಲ್ಲ ಬಾಲ್ಯದಿಂದಲೇ ಕೇಳಿದ್ದೇವೆ. ಆದರೆ ಅದರ ಮಾತುಗಳನ್ನು ಗಮನವಿಟ್ಟು ನೋಡಿದವರು ಕಡಿಮೆ. ಆಕೆ ಬೆಕ್ಕನ್ನು ಹೊಡೆದಳೆಂದು ಅಲ್ಲಿ ಹೇಳಿಲ್ಲ. ಆಕೆ ಅದಕ್ಕೆ ಉಣಿಸಲಿಲ್ಲ, ನೆಲದ ಮೇಲಿನ ಹುಳ ಹುಪ್ಪಟೆಗಳನ್ನು ತಾನೇ ಹುಡುಕಿ ತಿನ್ನಲೆಂದು ಬಿಡಲೂ ಇಲ್ಲ. ಅಂದರೆ ಆಕೆಯ ಮುಂದೆ ಎರಡು ದಾರಿಗಳಿದ್ದವು. ಉಣಿಸಲಾಗದಿದ್ದರೆ ಬಾಗಿಲು ತೆರೆದಿದ್ದರೂ ಸಾಕಿತ್ತು, ಆಕೆ ಪಾರಾಗುತ್ತಿದ್ದಳು.

ಇನ್ನು ಹುಬ್ಬಳ್ಳಿಯ ಮನೆಯಲ್ಲಿರುವ ಕಡಲ ಮೀನಿನ ಕಡೆ ನೋಡಿ. ಅದನ್ನು ಎಲ್ಲಿಗೆ ಬಿಡುತ್ತೀರಿ? ಉಣಕಲ್ ಕೆರೆಯ ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಕಡಲು ಸೇರಲು 130 ಕಿ.ಮೀ.ಗೂ ಹೆಚ್ಚು ದಾರಿಯಿದೆ. ಅಷ್ಟು ದೂರ ಒಯ್ದರೂ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಸಿಗುವ ಅನೇಕ ಮೀನುಗಳು ನಮ್ಮ ಕರಾವಳಿಯವಲ್ಲ, ಫಿಲಿಪ್ಪೀನ್ಸ್, ಇಂಡೋನೇಶ್ಯಾಗಳ ಹವಳದ ದಿಬ್ಬಗಳವು. ಬೇರೆ ಕಡಲಿನ ಜೀವಿಯನ್ನು ಇಲ್ಲಿ ಬಿಡುವುದರಿಂದ ಇಲ್ಲಿನ ಜೀವಿಗಳಿಗೆ ರೋಗ ತಗಲಬಹುದು. ಆದ್ದರಿಂದ ಎರಡನೆಯ ದಾರಿ ನಿಮಗೆ ಮುಚ್ಚಿದೆ. ಆ ಸ್ತ್ರೀಗಿದ್ದ ಬಾಗಿಲು ನಿಮಗಿಲ್ಲ. ಮೀನನ್ನು ಪ್ಲಾಸ್ಟಿಕ್ ಚೀಲದಿಂದ ತೊಟ್ಟಿಗೆ ಇಳಿಸಿದ ಗಳಿಗೆಯಿಂದ ಅದರ ಕೊನೆಯುಸಿರಿನವರೆಗೆ ಅದರ ನೀರು, ಗಾಳಿ, ಆಹಾರ ಎಲ್ಲವೂ ನಿಮ್ಮ ಕೈಯಲ್ಲಿ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ತೊಟ್ಟಿಯಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಇಂದು ಮೂರನೆಯ ತರಗತಿಯಲ್ಲಿರುವ ನಿಮ್ಮ ಮಗ ಕಾಲೇಜು ಸೇರಿದಾಗಲೂ ಅದು ಅಲ್ಲೇ ಇರುತ್ತದೆ.

ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ತನ್ನದೆಂದು ಅಲ್ಲಾಹನು ತಿಳಿಸಿದ್ದಾನೆ (ಹೂದ್: 6). ಕಡಲಿನಲ್ಲಿ ಆ ಅನ್ನಾಧಾರ ಎಷ್ಟು ಬಗೆಬಗೆಯಾಗಿ ಹಂಚಿಕೆಯಾಗಿದೆ ಎಂಬುದನ್ನು ನೋಡಿದರೆ ಬೆರಗಾಗುತ್ತದೆ. ಹಳದಿ ಮೈಯ ಚಿಟ್ಟೆ ಮೀನುಗಳಲ್ಲಿ ಕೆಲವು ಜಾತಿಗಳು ಜೀವಂತ ಹವಳದ ಹುಳುಗಳನ್ನೇ ಕಚ್ಚಿ ತಿಂದು ಬದುಕುತ್ತವೆ. ನವಿಲಿನ ಬಣ್ಣದ ಮ್ಯಾಂಡರಿನ್ ಮೀನು ಕಲ್ಲಿನ ಸಂದಿಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕುತ್ತಿರುತ್ತದೆ. ಕ್ಲೀನರ್ ರಾಸ್ ಎಂಬ ಇನ್ನೊಂದು ಮೀನು ದೊಡ್ಡ ಮೀನುಗಳ ಮೈ ಮೇಲಿನ ಪರೋಪಜೀವಿಗಳನ್ನು ತಿನ್ನುತ್ತದೆ. ದೊಡ್ಡ ಮೀನುಗಳು ಅದರ ಮುಂದೆ ಬಾಯಿ ತೆರೆದು ನಿಲ್ಲುತ್ತವೆ, ಅದನ್ನು ನುಂಗುವುದಿಲ್ಲ! ಇಂಥ ಮೀನುಗಳನ್ನು ತಂದು ನಿಮ್ಮ ತೊಟ್ಟಿಗೆ ಹಾಕಿ ಡಬ್ಬಿಯ ಆಹಾರವನ್ನು ಉದುರಿಸಿದರೆ ಅವುಗಳಲ್ಲಿ ಹೆಚ್ಚಿನವು ಅದನ್ನು ಮೂಸುವುದೂ ಇಲ್ಲ. ಆಹಾರದ ನಡುವೆಯೇ ವಾರಗಟ್ಟಲೆ ಸೊರಗಿ ಸಾಯುತ್ತವೆ. ನೀವು ಉಣಿಸಿದ್ದೀರಿ ನಿಜ, ಆದರೆ ಅಲ್ಲಾಹನು ಅದಕ್ಕೆ ಗೊತ್ತುಪಡಿಸಿದ ಊಟದಿಂದ ಅದನ್ನು ಕಿತ್ತು ತಂದ ಮೇಲೆ ಉಣಿಸಿದ್ದೀರಿ. ಇವು ಅಂಗಡಿಯಲ್ಲಿ ಎಷ್ಟೇ ಚಂದ ಕಂಡರೂ ಅಲ್ಲಿಯೇ ಬಿಟ್ಟು ಬನ್ನಿ.

ಗಾತ್ರವನ್ನೂ ಕೇಳಿ ತಿಳಿಯಿರಿ. ಅಂಗಡಿಯಲ್ಲಿ ಹೆಬ್ಬೆರಳಷ್ಟಿರುವ ನೀಲಿ ಟ್ಯಾಂಗ್ ಬೆಳೆದಾಗ ಸುಮಾರು 30 ಸೆಂ.ಮೀ. ಆಗುತ್ತದೆ. ಅದು ಕಡಲಲ್ಲಿ ಉದ್ದಕ್ಕೂ ಈಜಾಡುವ ಜೀವಿ. 200 ಲೀಟರಿನ ತೊಟ್ಟಿ ಅದಕ್ಕೆ ಮನೆಯಲ್ಲ, ಸೆರೆ.

ಈಗ ನನಗೆ ಹೆಚ್ಚು ಕಳವಳ ತರುವ ಸಂಗತಿಗೆ ಬರುತ್ತೇನೆ. ಹೊಸ ತೊಟ್ಟಿಗೆ ಉಪ್ಪುನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಕಲ್ಮಶದಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಅದು ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಸೂಕ್ಷ್ಮಾಣುಗಳು ಕಲ್ಲು, ಮರಳಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಕಾಯುವ ತಾಳ್ಮೆ ಯಾರಿಗಿದೆ? ಅದಕ್ಕಾಗಿ ಈ ಹವ್ಯಾಸದಲ್ಲಿ ಒಂದು ಹಳೆಯ ರೂಢಿ ಬೆಳೆದುಬಂದಿದೆ. ಡ್ಯಾಮ್ಸೆಲ್ ಎಂಬ ಅಗ್ಗದ, ಗಟ್ಟಿ ಜೀವದ ಮೀನುಗಳನ್ನು ಮೊದಲು ಬಿಡುತ್ತಾರೆ. ಅವುಗಳ ಕಲ್ಮಶದಿಂದ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಮೀನುಗಳ ಕಿವಿರು ಸುಡುತ್ತದೆ, ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ನೀರು ಹದಕ್ಕೆ ಬಂದಿದೆ ಎಂದು ಖಾತ್ರಿಯಾದ ನಂತರ ಬೆಲೆಬಾಳುವ ಮೀನುಗಳ ಪ್ರವೇಶವಾಗುತ್ತದೆ.

ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. 'ನಾವು ಮೀನು ತಿನ್ನುವವರು. ಗಣೇಶಪೇಟೆಯ ಮಾರುಕಟ್ಟೆಯಲ್ಲಿ ದಿನವೂ ರಾಶಿ ರಾಶಿ ಮೀನು ಮಾರಾಟವಾಗುತ್ತದೆ. ಹುರಿದು ತಿನ್ನುವಾಗ ಇಲ್ಲದ ಕರುಣೆ ನಾಲ್ಕು ಡ್ಯಾಮ್ಸೆಲ್‌ಗಳಿಗೆ ಯಾಕೆ?' ವಾದ ಬಲವಾಗಿಯೇ ಇದೆ, ಹಾಗಾಗಿ ಅದನ್ನು ತಳ್ಳಿಹಾಕದೆ ಉತ್ತರಿಸಬೇಕು.

ಕಡಲ ಬೇಟೆಯನ್ನೂ ಅದರ ಆಹಾರವನ್ನೂ ಅಲ್ಲಾಹನು ನಮಗೆ ಧರ್ಮಸಮ್ಮತಗೊಳಿಸಿದ್ದಾನೆ (ಅಲ್ ಮಾಇದ: 96). ಅದು ಆಹಾರಕ್ಕಾಗಿ ಸಿಕ್ಕ ಅನುಮತಿ. ನಸಾಈಯವರ ಸಂಗ್ರಹದಲ್ಲಿರುವ ಒಂದು ವರದಿಯಲ್ಲಿ, ಗುಬ್ಬಚ್ಚಿಯನ್ನಾಗಲಿ ಅದಕ್ಕಿಂತ ದೊಡ್ಡ ಜೀವಿಯನ್ನಾಗಲಿ ಅದರ ಹಕ್ಕು ಸಲ್ಲಿಸದೆ ಕೊಂದವನನ್ನು ಅಲ್ಲಾಹನು ಪ್ರಶ್ನಿಸುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅದರ ಹಕ್ಕು ಯಾವುದೆಂದು ಸಹಾಬಿಗಳು ಕೇಳಿದಾಗ, ಕೊಯ್ದು ತಿನ್ನುವುದು, ತಲೆ ಕತ್ತರಿಸಿ ಬಿಸಾಡದಿರುವುದು ಎಂಬ ಅರ್ಥದ ಉತ್ತರ ಬಂತು. ಹಕ್ಕು ಎಂಬ ಪದವನ್ನು ಗಮನಿಸಿರಿ. ಒಂದು ಜೀವ ನಮ್ಮ ಹಸಿವಿಗಾಗಿ ಹೋದರೆ ಅದರ ಹಕ್ಕು ಸಂದಿತು. ನೀರಿನ ಪರೀಕ್ಷೆಗಾಗಿ ಹೋದರೆ? ನಮ್ಮ ಅವಸರಕ್ಕಾಗಿ ಹೋದರೆ? ಜೀವವಿರುವ ಯಾವುದನ್ನೂ ಬಾಣದ ಗುರಿಯಾಗಿ ಇಟ್ಟುಕೊಳ್ಳಬಾರದೆಂಬ ನಿಷೇಧ ಸಹೀಹ್ ಮುಸ್ಲಿಮ್‌ನಲ್ಲಿದೆ. ಗುರಿ ಸರಿಯಿದೆಯೋ ಎಂದು ನೋಡಲು ಕೋಳಿಯನ್ನು ಕಟ್ಟಿದ ಯುವಕರಿಗೂ ನೀರು ಸರಿಯಿದೆಯೋ ಎಂದು ನೋಡಲು ಮೀನನ್ನು ಬಿಡುವ ನಮಗೂ ಇರುವ ವ್ಯತ್ಯಾಸ ನನಗಂತೂ ಬಹಳ ಕಡಿಮೆ ಕಾಣುತ್ತದೆ.

ಇನ್ನೊಂದು ಮಾತು. ಅಲ್ಲಿ ಅಗ್ಗದ ಜೀವ, ದುಬಾರಿ ಜೀವ ಎಂಬ ಭೇದ ಮಾಡಿದವರು ಯಾರು? ಜೀವಿಗಳೆಲ್ಲ ನಿಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಹೇಳುವಾಗ (ಅಲ್ ಅನ್‌ಆಮ್: 38) ಅವುಗಳ ಬೆಲೆ ಪಟ್ಟಿ ಕೊಟ್ಟಿಲ್ಲ. ಐವತ್ತು ರೂಪಾಯಿಯದ್ದು ಸಾಯಲಿ, ಐದು ಸಾವಿರದ್ದು ಉಳಿಯಲಿ ಎಂಬ ಲೆಕ್ಕ ಮೀನಿನೊಂದಿಗೆ ಅಭ್ಯಾಸವಾದರೆ, ಮನುಷ್ಯರೊಂದಿಗೂ ಅದನ್ನೇ ಹಾಕುವುದು ಬಹಳ ದೂರವೇನಲ್ಲ. ಕೆಲಸಕ್ಕೆ ಬರುವಾಕೆಯ ಮಗುವಿನ ಜ್ವರಕ್ಕೂ ನಮ್ಮ ಮಗುವಿನ ಜ್ವರಕ್ಕೂ ನಾವು ಮಾಡುವ ವ್ಯತ್ಯಾಸವನ್ನು ನೋಡಿದರೆ ತಿಳಿಯುತ್ತದೆ.

ಅಷ್ಟಕ್ಕೂ ಡ್ಯಾಮ್ಸೆಲ್‌ಗಳ ಬಲಿ ಬೇಕಾಗಿಯೇ ಇಲ್ಲ. ಮಾರುಕಟ್ಟೆಯಿಂದ ತಂದ ಸಿಗಡಿಯ ಒಂದು ಚೂರನ್ನು ತೊಟ್ಟಿಯಲ್ಲಿ ಕೊಳೆಯಲು ಬಿಟ್ಟರೂ ಅದೇ ಅಮೋನಿಯಾ ಹುಟ್ಟುತ್ತದೆ, ಅದೇ ಸೂಕ್ಷ್ಮಾಣುಗಳು ನೆಲೆಗೊಳ್ಳುತ್ತವೆ. ನೀರಿನ ಗುಣ ನೋಡುವ ಪರೀಕ್ಷಾ ಕಿಟ್‌ಗಳು ಸಿಗುತ್ತವೆ. ಬೇಕಾದದ್ದು ಆರು ವಾರಗಳ ಸಬ್ರ್ ಮಾತ್ರ. ಮುಂದೆ ಮೀನನ್ನು ಬಿಡುವಾಗಲೂ ಒಮ್ಮೆಗೆ ಒಂದೋ ಎರಡೋ ಬಿಟ್ಟು, ಕೆಲವು ವಾರ ಬಿಟ್ಟು ಮುಂದಿನದನ್ನು ತನ್ನಿ. ಡ್ಯಾಮ್ಸೆಲ್‌ನಂಥ ಜಗಳಗಂಟ ಮೀನು ಮೊದಲೇ ಬೀಡುಬಿಟ್ಟಿದ್ದರೆ ನಂತರ ಬಂದವುಗಳಿಗೆ ಮೂಲೆಯೂ ಸಿಗುವುದಿಲ್ಲ.

ಮೀನು ಎಲ್ಲಿಂದ ಬಂತು ಎಂದು ಕೇಳುವುದು ನಿಮ್ಮ ಕರ್ತವ್ಯ. 1960ರ ದಶಕದಿಂದ ಫಿಲಿಪ್ಪೀನ್ಸ್‌ನಲ್ಲೂ ಬಳಿಕ ಇಂಡೋನೇಶ್ಯಾದಲ್ಲೂ ಹವಳದ ಸಂದಿಗೆ ಸೋಡಿಯಂ ಸಯನೈಡ್ ಚಿಮ್ಮಿಸಿ, ಮತ್ತೇರಿದ ಮೀನನ್ನು ಹಿಡಿಯುವ ಕೆಟ್ಟ ಪದ್ಧತಿ ಹಬ್ಬಿತು. ಹವಳವೂ ಸಾಯುತ್ತದೆ. ಹಿಡಿದ ಮೀನುಗಳಲ್ಲಿ ಅನೇಕವು ದಾರಿಯಲ್ಲೋ, ಕೊಂಡವರ ಮನೆಯಲ್ಲೋ ಕೆಲವು ದಿನಗಳಲ್ಲಿ ಸಾಯುತ್ತವೆ. ಜನರ ಕೈಗಳ ಗಳಿಕೆಯಿಂದಾಗಿ ನೆಲದಲ್ಲೂ ಕಡಲಲ್ಲೂ ಕ್ಷೋಭೆ ಹರಡಿತೆಂಬ ಕುರ್‌ಆನ್‌ನ ಮಾತಿಗೆ (ಅರ್ರೂಮ್: 41) ಇದಕ್ಕಿಂತ ನೇರ ಉದಾಹರಣೆ ಬೇಕೇ? ವಿಷ ಚಿಮ್ಮಿಸಿದವನು ಬಡವ. ಅವನನ್ನು ಅಲ್ಲಿಗೆ ಇಳಿಸಿದ್ದು ಕೊಳ್ಳುವವನ ಹಣ. ಪಾಪದಲ್ಲಿ ಪರಸ್ಪರ ನೆರವಾಗಬಾರದೆಂಬ ಆಜ್ಞೆ (ಅಲ್ ಮಾಇದ: 2) ಗಿರಾಕಿಗೂ ಅನ್ವಯಿಸುತ್ತದೆ.

ತೊಟ್ಟಿಯಲ್ಲೇ ಮೊಟ್ಟೆಯೊಡೆದು ಬೆಳೆದ ಮೀನುಗಳೂ ಸಿಗುತ್ತವೆ ಎಂಬುದು ಸಮಾಧಾನದ ಸಂಗತಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ನಮ್ಮ ಸಹೋದರಿಯರೇ ಅಲಂಕಾರಿಕ ಸಿಗಡಿ ಸಾಕಣೆಯಲ್ಲಿ ತರಬೇತಿ ಪಡೆದಿದ್ದಾರೆ. ಹೀಗೆ ಬೆಳೆದ ಮೀನು ಕಡಲನ್ನು ಕಂಡಿಲ್ಲ, ಡಬ್ಬಿಯ ಆಹಾರಕ್ಕೆ ಹೊಂದಿಕೊಂಡಿದೆ. ಆದ್ದರಿಂದ ಮೊದಲ ತೊಟ್ಟಿಗೆ ಹೀಗೆ ಬೆಳೆದ ಒಂದು ಜೋಡಿ ಕ್ಲೌನ್ ಮೀನು, ಹೆಚ್ಚೆಂದರೆ ಮರಳಿನಲ್ಲಿ ಅಡಗುವ ಒಂದು ಚಿಕ್ಕ ಗೋಬಿ ಸಾಕು ಎಂಬುದು ನನ್ನ ಅಭಿಪ್ರಾಯ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದಾದುದು ಹೆಣ್ಣಾಗುತ್ತದೆ. ಮಕ್ಕಳಿಗೆ ಸೃಷ್ಟಿಕರ್ತನ ಕುಶಲತೆಯನ್ನು ತೋರಿಸಲು ಎರಡು ಮೀನುಗಳೇ ಸಾಕು.

ಜೀವಂತ ಹವಳ ಮತ್ತು ಕಡಲ ಕುದುರೆಯನ್ನು ಯಾರಾದರೂ ಗುಟ್ಟಾಗಿ ಕೊಡುತ್ತೇವೆ ಎಂದರೆ ಬೇಡವೆನ್ನಿ. 2001ರಲ್ಲೇ ಇವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಡಿಸಲಾಗಿದೆ. ಹವಳದ ನಡುವಿನ ಮೀನನ್ನು ನೋಡಲೇಬೇಕೆಂದಿದ್ದರೆ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪವಿದೆ. ಅಲ್ಲಿ ಅವು ತಮ್ಮ ಮನೆಯಲ್ಲೇ ಇವೆ.

ಮೀನಿನ ಆಯ್ಕೆಯಲ್ಲಿ ನಂಬಿಕೆಯೂ ನುಸುಳುತ್ತದೆ. ಇಂಥ ಮೀನು ಮನೆಗೆ ಬರಕತ್ತು ತರುತ್ತದೆ, ಸತ್ತರೆ ಮನೆಯವರ ಮೇಲಿನ ಆಪತ್ತನ್ನು ತಾನು ಹೊತ್ತುಕೊಂಡು ಹೋಯಿತು ಎಂಬ ಮಾತು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ತೌಹೀದಿನ ಮನೆಯಲ್ಲಿ ಇದಕ್ಕೆ ಜಾಗವಿಲ್ಲ. ಮೀನು ಸತ್ತರೆ ಅಮೋನಿಯಾ ಎಷ್ಟಿದೆ ಎಂದು ನೋಡಿ.

ಖರ್ಚಿನ ವಿಷಯಕ್ಕೆ ಬಂದರೆ, 200 ಲೀಟರ್ ತೊಟ್ಟಿಗೆ ಲೀಟರಿಗೆ 35 ಗ್ರಾಂನಂತೆ 7 ಕಿಲೋ ಉಪ್ಪು ಬೇಕು, ಅದೂ ಅಡುಗೆಯ ಉಪ್ಪಲ್ಲ. ವಾರಕ್ಕೋ ಹದಿನೈದು ದಿನಕ್ಕೋ 20 ಲೀಟರಿನಷ್ಟು ನೀರು ಬದಲಿಸಬೇಕು. ಅದು ಶುದ್ಧೀಕರಿಸಿದ ನೀರಾಗಿರಬೇಕು, ಶುದ್ಧೀಕರಿಸುವ ಯಂತ್ರವು ಒಂದು ಪಾಲು ನೀರನ್ನು ಹೊರಚೆಲ್ಲುತ್ತದೆ. ನಳಕ್ಕೆ ಮಲಪ್ರಭೆಯ ನೀರು ಬರುವ ದಿನವನ್ನು ಲೆಕ್ಕಹಾಕಿ ಕೊಡ ತುಂಬಿಸಿಕೊಂಡ ಊರು ನಮ್ಮದು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ಮಿತ ಬೇಕೆಂದು ಕಲಿತವರು ನಾವು. ಹೊರಚೆಲ್ಲುವ ನೀರನ್ನು ಹಿಡಿದಿಟ್ಟು ನೆಲ ಒರೆಸಲಿಕ್ಕಾದರೂ ಬಳಸಿ. ಇನ್ನು ಏಪ್ರಿಲ್ ತಿಂಗಳ ಬಿಸಿಲು. ಮೀನಿಗೆ ನೀರು 27 ಡಿಗ್ರಿಯ ಒಳಗಿದ್ದರೆ ಚೆನ್ನ, ಹುಬ್ಬಳ್ಳಿಯ ಮಧ್ಯಾಹ್ನ ಅದಕ್ಕಿಂತ ಹತ್ತು ಡಿಗ್ರಿ ಮೇಲಿರುತ್ತದೆ. ಕರೆಂಟು ಹೋದರೆ ಗಾಳಿಯ ಪಂಪಿಗೆ ಬ್ಯಾಟರಿ ಬೇಕು.

ಹಬ್ಬಕ್ಕೆ ಊರಿಗೆ ಹೋದಾಗ, ಅಲ್ಲಾಹನು ಕರುಣಿಸಿ ಹಜ್ಜ್‌ಗೆ ಹೊರಟಾಗ ನಲವತ್ತು ದಿನ ಇದನ್ನೆಲ್ಲ ನೋಡುವವರು ಯಾರು? ಸಾಮಾನ್ಯ ದಿನಗಳಲ್ಲಂತೂ ಉತ್ತರ ಎಲ್ಲರಿಗೂ ಗೊತ್ತಿದೆ. ತೊಟ್ಟಿ ತರುವವರು ಯಜಮಾನರು, ಬಯಸಿದವರು ಮಕ್ಕಳು, ಗಾಜು ಒರೆಸಿ ನೀರು ಬದಲಿಸುವವರು ಮನೆಯಾಕೆ. ಮುಂಗಡ ಕೊಡುವ ಮೊದಲು ಆಕೆಯನ್ನು ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಹೇಳಿ, ಒಪ್ಪಿಗೆ ಕೇಳಿ. ಬೇಡವೆಂದರೆ ಅಲ್ಲಿಗೇ ಬಿಡಿ. ಒಪ್ಪಿದರೆ ವಾರದಲ್ಲಿ ಯಾವ ದಿನದ ನೀರು ನಿಮ್ಮ ಪಾಲಿನದು ಎಂಬುದನ್ನು ಅಂದೇ ನಿಶ್ಚಯಿಸಿಕೊಳ್ಳಿ.